ರಕ್ತ ಕಂಡರೆ ಮುಗಿಯುವ ಕಾಳಗ

ನಿಂಜಾ ಅಂದರೆ ಕೊಟ್ಟಿಗೆಹಾರದ ಶಾಲೆ ಮಕ್ಕಳಿಗೂ ಗೊತ್ತು. ಟವೆಲ್ ಮುಖಕ್ಕೆ ಸುತ್ತಿಕೊಂಡು, ಕಣ್ಣೆರಡು ಬಿಟ್ಟು, ಕಾಫಿ ಗಿಡದ ಮರೆಯಿಂದ ನೆಗೆದರೆ ಆಟ ಶುರು. ಆದರೆ ಜಪಾನಿನ ಇಗಾ, ಕೋಗಾ ಸೀಮೆಯ ಆ ಗೂಢಚಾರರು ಸದಾ ಕರಿಬಟ್ಟೆ ತೊಟ್ಟು ತಿರುಗಿದವರಲ್ಲ. ಸನ್ಯಾಸಿಯಂತೆಯೋ ವ್ಯಾಪಾರಿಯಂತೆಯೋ ವೇಷ ಹಾಕಿ ಶತ್ರುವಿನ ಕೋಟೆಯ ಸುದ್ದಿ ತರುತ್ತಿದ್ದವರು. 1581ರಲ್ಲಿ ಓಡಾ ನೊಬುನಾಗಾನ ಸೈನ್ಯ ಇಗಾವನ್ನು ಧ್ವಂಸ ಮಾಡಿತು. ಅವರ ವಿದ್ಯೆ 1676ರಲ್ಲಿ ‘ಬನ್‌ಸೆನ್‌ಶುಕಾಯ್’ ಎಂಬ ಗ್ರಂಥಕ್ಕೆ ಇಳಿಯಿತು. ಮುಂದೆ ಬೆಳೆದ ಮಾಯಾಜಾಲದಲ್ಲಿ ನಾಟಕ, ಕಾದಂಬರಿ, ಸಿನಿಮಾದವರ ಪಾಲೇ ದೊಡ್ಡದು.

ಮನೆತನದೊಳಗೇ ಉಳಿದ ಕಾದಾಟದ ವಿದ್ಯೆ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ತುಳುನಾಡಿನ ವೀರರಾದ ಕೋಟಿ ಚೆನ್ನಯರ ಗರೋಡಿಗಳ ನಾಡು. ಅಲ್ಲೀಗ ವರಸೆ ಕಲಿಸುವವರು ಅಪರೂಪ, ನೇಮದ ರಾತ್ರಿ ಸುರಿಯ ಎಂಬ ಆಯುಧ ಹಿಡಿದ ಪಾತ್ರಿಯ ಹೆಜ್ಜೆಯಲ್ಲಿ ಅದರ ನೆನಪಿದೆ. ಇತ್ತ ಮೂಡಿಗೆರೆ, ಬೇಲೂರು, ಹಾಸನದ ದಾರಿ ಹಿಡಿದು ಮೈಸೂರಿಗೆ ಹೋದರೆ ಕಾಳಗವೇ ಉಳಿದಿದೆ. ಅದು ಜಟ್ಟಿಗಳ ವಜ್ರಮುಷ್ಟಿ.

ವಿಜಯದಶಮಿಯ ಬೆಳಿಗ್ಗೆ ಅರಮನೆಯ ಒಳಾಂಗಣದಲ್ಲಿ ಮಟ್ಟಿ ಸಿದ್ಧವಾಗಿರುತ್ತದೆ. ತಲೆ ಬೋಳಿಸಿ ಚಿಕ್ಕ ಜುಟ್ಟು ಬಿಟ್ಟ, ಲಂಗೋಟಿ ಬಿಗಿದ ಎರಡು ಜೋಡಿ ಜಟ್ಟಿಗಳು ಮಣ್ಣಿಗಿಳಿಯುತ್ತಾರೆ. ಬಲಗೈ ಬೆರಳುಗಳಿಗೆ ವಜ್ರನಖ. ಹಿಂದೆ ಕೋಡಿನಲ್ಲಿ, ಆನೆದಂತದಲ್ಲಿ ಮಾಡುತ್ತಿದ್ದ ಮೊನಚು ಮುಳ್ಳಿನ ಹಿಡಿ ಅದು. ಎಡಗೈ ಎದುರಾಳಿಯ ಬಲಗೈಯನ್ನು ತಡೆಯಬೇಕು, ಬಲಗೈ ಅವನ ಬೋಳುತಲೆಯನ್ನು ಹುಡುಕಬೇಕು. ಯಾರದಾದರೂ ನೆತ್ತಿಯಲ್ಲಿ ರಕ್ತ ಕಂಡಿತೋ, ಉಸ್ತಾದರು ನಡುವೆ ನುಗ್ಗಿ ಬಿಡಿಸುತ್ತಾರೆ. ಕೆಲವೊಮ್ಮೆ ನಿಮಿಷವೂ ಹಿಡಿಯುವುದಿಲ್ಲ. ರಾಜವಂಶಸ್ಥರ ಮೆರವಣಿಗೆ ಬನ್ನಿಪೂಜೆಗೆ ಹೊರಡುವುದು ಇದಾದ ಮೇಲೆಯೇ.

ಇಷ್ಟು ಚುಟುಕಾದ ಕಾಳಗದ ಹಿಂದಿರುವ ಚರಿತ್ರೆ ಮಾತ್ರ ಉದ್ದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಪ್ರತ್ಯೇಕ ಭಾಗವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ದರ್ಜೆಗೆ ಸೇರಿಸುವ ಕ್ರಮವೂ ಅವರ ಊಟದ ವಿವರವೂ ಅಲ್ಲಿವೆ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ನೂನಿಜ್, ರಾಜನ ಮಲ್ಲರು ಮೊನೆಯಿರುವ ಬಳೆಯಂಥ ಆಯುಧ ಹಿಡಿದು ಹೊಡೆದಾಡುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ಬಟ್ಟೆಯ ಉಡುಗೊರೆ ಸಿಗುತ್ತಿತ್ತೆಂದೂ ಬರೆದಿದ್ದಾನೆ. ಸೋತವನಿಗೆ ಬಹುಮಾನ ಕೊಡುವ ಆ ಪದ್ಧತಿ ನನಗಂತೂ ಬಹಳ ಹಿಡಿಸಿತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ವಿಜಯನಗರದ ಮಹಾನವಮಿಯ ಪರಂಪರೆ ಹೀಗೆ ಮೈಸೂರು ಸೀಮೆಯಲ್ಲಿ ಮುಂದುವರಿಯಿತು.

ಜಟ್ಟಿಗಳ ಚರಿತ್ರೆಗೆ ಕತ್ತಲ ಮುಖವೂ ಉಂಟು. ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕ, ಕೈದಿಗಳ ಕತ್ತು ಮುರಿಯುವ ಕೆಲಸವನ್ನು ಜಟ್ಟಿಗಳಿಗೆ ವಹಿಸುತ್ತಿದ್ದರೆಂದು ಬರೆದಿಟ್ಟ. ಅದೇ ಜಟ್ಟಿಗಳು ನೋವಿಗೆ ಎಣ್ಣೆ ಹಚ್ಚಿ ನೀವುವುದರಲ್ಲೂ ಹೆಸರಾದವರು. ಮೈಯ ಯಾವ ಜಾಗ ಒತ್ತಿದರೆ ಏನಾಗುತ್ತದೆಂದು ತಿಳಿದವರಿಗೆ ಎರಡೂ ಕಷ್ಟವಲ್ಲ.

ಗುಜರಾತಿನ ಮೊಢೇರಾ ಕಡೆಯ ಜ್ಯೇಷ್ಠಿಮಲ್ಲರ ನಂಟು ಹೇಳಿಕೊಳ್ಳುವ ಈ ಸಮುದಾಯದ ಕುಲದೇವತೆ ನಿಂಬುಜಾ ದೇವಿ. ಕಾಳಗಕ್ಕಿಳಿಯುವವರು ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಮನೆತನದವರು. ವಿದ್ಯೆ ಹೋಗುವುದು ಮನೆಯ ಹಿರಿಯರಿಂದ ಮನೆಯ ಹುಡುಗರಿಗೆ. ಇದಕ್ಕೆ ಕೋಚಿಂಗ್ ಕ್ಲಾಸಿಲ್ಲ, ಬೆಲ್ಟಿಲ್ಲ, ಪದಕವಿಲ್ಲ. ಗುಟ್ಟು ಉಳಿದದ್ದೇ ಹಾಗೆ. ಕಲಿಯುವವರು ಕಡಿಮೆಯಾದರೆ ಅದು ಅಳಿಯುವುದೂ ಹಾಗೆಯೇ.

ಜಪಾನಿನ ಮಿಯೆ ವಿಶ್ವವಿದ್ಯಾಲಯ 2017ರಲ್ಲಿ ನಿಂಜಾ ಅಧ್ಯಯನಕ್ಕೆಂದೇ ಸಂಶೋಧನಾ ಕೇಂದ್ರ ತೆರೆಯಿತು. ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಹಳೆಯ ಹಸ್ತಪ್ರತಿಗಳು. ನಮಗೆ ಜೀವಂತ ಉಸ್ತಾದರೇ ಇದ್ದಾರೆ. ನಮ್ಮ ವಿಶ್ವವಿದ್ಯಾಲಯಗಳು ಅವರನ್ನೇ ಗುರುಗಳೆಂದು ಕೂರಿಸಿ, ಅವರೊಪ್ಪಿದಷ್ಟನ್ನು ದಾಖಲಿಸುವ ಕೆಲಸಕ್ಕೆ ಕೈಹಾಕಲಿ. ದಸರೆಗೆ ಮೈಸೂರಿಗೆ ಹೋಗುವ ನಮ್ಮ ಮಲೆನಾಡಿನವರೂ ಜಂಬೂಸವಾರಿಯ ಜತೆಗೆ ಬೆಳಗಿನ ಈ ಕಾಳಗವನ್ನು ಮಕ್ಕಳಿಗೆ ಟಿವಿಯಲ್ಲಾದರೂ ತೋರಿಸಿ.