ಕೂದಲು ಕಸಿಯೂ ನೋವಿನ ಮಾತೂ

ಬಿಸಿಲಿನ ಬೇಗೆಯಿಂದ ತಲೆ ಕಾದ ಖಲ್ವಾಟನೊಬ್ಬನು ನೆರಳನ್ನರಸಿ ಮರದಡಿಗೆ ಹೋಗಲು, ಅಲ್ಲಿಯೂ ದೊಡ್ಡದೊಂದು ಹಣ್ಣು ಬಿದ್ದು ಅವನ ತಲೆಯೊಡೆದ ಪ್ರಸಂಗವು ಭರ್ತೃಹರಿಯ ನೀತಿಶತಕದಲ್ಲಿರುವುದು. ಭಾಗ್ಯಹೀನನು ಎಲ್ಲಿಗೆ ಹೋದರೂ ಆಪತ್ತು ಅವನನ್ನು ಹಿಂಬಾಲಿಸುವುದೆಂಬುದು ಅದರ ತಾತ್ಪರ್ಯ. ಶಾಲೆಯಲ್ಲಿ ನಾನು ಈ ಶ್ಲೋಕವನ್ನು ಪಾಠ ಹೇಳಿದಾಗಲೆಲ್ಲ ತಾತ್ಪರ್ಯಕ್ಕೆ ಮುಂಚೆಯೇ ಹುಡುಗರು ನಗುತ್ತಿದ್ದರು. ಸತ್ಯವನ್ನು ಹೇಳುವುದಾದರೆ ನಾನೂ ನಗುತ್ತಿದ್ದೆನು. ಬೋಳುತಲೆಯು ಪರರಿಗೆ ಹಾಸ್ಯದ ವಸ್ತುವಾದರೂ, ಇಪ್ಪತ್ತೇಳನೆಯ ವಯಸ್ಸಿಗೇ ಅದು ಪಾಲಿಗೆ ಬಂದವನಿಗೆ ಹಾಗಲ್ಲವೆಂಬುದನ್ನು ಆ ಹುಡುಗರಲ್ಲೊಬ್ಬನೇ ನನಗೆ ಮುಂದೆ ಕಲಿಸಿದನು.

ಅವನು ಕಮಲಾಪುರದವನು. ಆ ಊರಿನ ಕೆಂಬಾಳೆಯು ಭೌಗೋಳಿಕ ಸೂಚಿಕೆಯನ್ನು ಪಡೆದು ಹೆಸರಾದುದು ವಾಚಕರಿಗೆ ತಿಳಿದೇ ಇರುವುದು. ಇವನ ಮನೆಯಲ್ಲಿಯೂ ಒಂದು ಸಣ್ಣ ಬಾಳೆಯ ತೋಟವುಂಟು. ಎರಡು ಕಡೆ ಕನ್ಯೆಯನ್ನು ನೋಡಿ ಬಂದ ಮೇಲೆ ಆ ಮನೆಗಳಿಂದ ಉತ್ತರ ಬರಲಿಲ್ಲ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅವನು ತಾನೇ ಊಹಿಸಿಕೊಂಡನು. ಒಂದು ದಿನ ಕಲಬುರಗಿಯ ನನ್ನ ಮನೆಗೆ ಬಂದು, ಅಚ್ಚಾದ ಜಾಹೀರಾತೊಂದನ್ನು ಮುಂದಿಟ್ಟು, ತಗ್ಗಿದ ದನಿಯಲ್ಲಿ ಕೇಳಿದನು: “ಸರ್, ಭಾಳ ನೋಯ್ತದೇನ್ರಿ ಇದು? ಮನ್ಯಾಗ ಕೇಳಿದ್ರ ಅಪ್ಪ ನಗ್ತಾನ್ರಿ.”

ಅದು ಕೂದಲು ಕಸಿಯ ಜಾಹೀರಾತು. ಎಳ್ಳಷ್ಟೂ ನೋವಿಲ್ಲವೆಂದೂ ಒಂದೇ ದಿನದಲ್ಲಿ ಕೆಲಸ ಮುಗಿಯುವುದೆಂದೂ ಅದರಲ್ಲಿ ಬರೆದಿತ್ತು. ಅದರಲ್ಲಿದ್ದ ಸಂಖ್ಯೆಗೆ ಫೋನು ಮಾಡಿ, ಸೂಜಿಮದ್ದನ್ನು ಚುಚ್ಚುವವರು ಯಾರು, ಅವರ ವಿದ್ಯಾಭ್ಯಾಸವೇನು ಎಂದು ನಾನು ಕೇಳಿದೆನು. ಬೆಲೆಯ ವಿಷಯದಲ್ಲಿ ಸ್ಪಷ್ಟವಾದ ಉತ್ತರ ಬಂದಿತು. ಈ ಪ್ರಶ್ನೆಗೆ ಬರಲಿಲ್ಲ. ಆದಕಾರಣ ಆ ಜಾಹೀರಾತನ್ನು ಮಡಿಸಿಟ್ಟು, ನಗರದ ಒಬ್ಬ ಚರ್ಮವೈದ್ಯರ ಬಳಿಗೆ ಅವನನ್ನು ಕರೆದುಕೊಂಡು ಹೋದೆನು.

ಆ ವೈದ್ಯರು ಹೇಳಿದ ಮಾತುಗಳನ್ನು ಗೃಹಸ್ಥರಿಗೆ ತಿಳಿಯುವಂತೆ ಇಲ್ಲಿ ಬರೆಯುವೆನು. ಈ ಚಿಕಿತ್ಸೆಯು ಹೊಸ ಕೂದಲನ್ನು ಸೃಷ್ಟಿಸುವುದಿಲ್ಲ. ನೆತ್ತಿಯ ಕೂದಲು ಉದುರಿದವರಿಗೂ ಹಿಂದಲೆಯ ಕೂದಲು ಬಹುಮಟ್ಟಿಗೆ ಉಳಿಯುವುದಷ್ಟೆ. ಅಲ್ಲಿಂದ ಬೇರುಸಹಿತ ತೆಗೆದು ಬೋಳಾದ ಭಾಗದಲ್ಲಿ ನೆಡುವುದೇ ಕಸಿ. ಮೆಣಸಿನ ಸಸಿಯನ್ನು ಮಡಿಯಿಂದ ಕಿತ್ತು ಹೊಲದಲ್ಲಿ ನೆಡುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಗೆಯುವ ಕ್ರಮದಲ್ಲಿ ಎರಡು ಬಗೆಯುಂಟು. ಹಿಂದಲೆಯ ಚರ್ಮದ ಪಟ್ಟಿಯೊಂದನ್ನೇ ಕತ್ತರಿಸಿ ತೆಗೆದು ಹೊಲಿಗೆ ಹಾಕುವುದೊಂದು. ಒಂದೊಂದು ಬೇರನ್ನೂ ಸಣ್ಣ ಕೊಳವೆಯಂಥ ಆಯುಧದಿಂದ ಬಿಡಿಬಿಡಿಯಾಗಿ ತೆಗೆಯುವುದು ಇನ್ನೊಂದು. ಮೊದಲನೆಯದರಲ್ಲಿ ಹೊಲಿಗೆಯ ಬಿಗಿತವೂ ನೋವೂ ಹೆಚ್ಚು, ಗೆರೆಯಂಥ ಕಲೆಯೂ ಉಳಿಯುವುದು; ಎರಡನೆಯದರಲ್ಲಿ ಚುಕ್ಕೆಯಂಥ ಸಣ್ಣ ಕಲೆಗಳು ಮಾತ್ರ ಉಳಿಯುವುವು.

ಇನ್ನು ನೋವಿನ ವಿಷಯ. “ನೋವೇ ಇಲ್ಲವೆಂದರೆ ಸುಳ್ಳು, ತಾಳಲಾರದ ನೋವೆಂದರೂ ಸುಳ್ಳು” ಎಂದು ವೈದ್ಯರು ಹೇಳಿದರು. ರೋಗಿಯನ್ನು ಪೂರ್ಣವಾಗಿ ಎಚ್ಚರ ತಪ್ಪಿಸುವ ಪದ್ಧತಿ ಇದರಲ್ಲಿ ಸಾಮಾನ್ಯವಾಗಿ ಇಲ್ಲ. ತಲೆಯ ಚರ್ಮವನ್ನಷ್ಟೆ ಲಿಗ್ನೊಕೇನ್ ಮುಂತಾದ ಔಷಧದಿಂದ ಮರಗಟ್ಟಿಸುವರು. ನಿಜವಾದ ನೋವು ಆ ಮೊದಲ ಸೂಜಿಗಳಲ್ಲಿಯೇ ಇರುವುದು. ಔಷಧದ ಆಮ್ಲಗುಣದಿಂದ ಅದು ಚುರುಗುಟ್ಟುವುದು. ಸೋಡಾ ಬೈಕಾರ್ಬೊನೇಟನ್ನು ತಕ್ಕಷ್ಟು ಬೆರೆಸಿ, ತೆಳುವಾದ ಸೂಜಿಯಿಂದ, ಅವಸರಪಡದೆ ಚುಚ್ಚಿದರೆ ಉರಿ ಬಹಳ ತಗ್ಗುವುದು. ಹುಬ್ಬಿನ ಮೇಲ್ಗಡೆಯ ನರಗಳನ್ನು ಮೊದಲೇ ಮರಗಟ್ಟಿಸಿದರೆ ಮುಂದಲೆಯಲ್ಲಿ ಚುಚ್ಚುವ ಸೂಜಿಗಳ ಬಾಧೆ ಕಡಿಮೆಯಾಗುವುದು. ಆ ಬಳಿಕ ಆರೇಳು ಗಂಟೆಗಳ ಕಾಲ ಮಲಗಿಯೋ ಕುಳಿತೋ ಇರಬೇಕಾದುದರಿಂದ ಕುತ್ತಿಗೆ ಬೆನ್ನುಗಳೇ ತಲೆಗಿಂತ ಹೆಚ್ಚು ನೋಯುವುವು. ನಡುವೆ ಮದ್ದಿನ ಗುಣ ಇಳಿದು ಮತ್ತೆ ಚುರುಕೆಂದರೆ ಒಡನೆಯೇ ತಿಳಿಸತಕ್ಕದ್ದು. ಆದರೆ ಮದ್ದನ್ನು ಮನಸ್ಸಿಗೆ ಬಂದಷ್ಟು ಚುಚ್ಚುವಂತಿಲ್ಲ. ಅಡ್ರಿನಲಿನ್ ಬೆರೆತ ಲಿಗ್ನೊಕೇನಿಗೆ ಶರೀರದ ತೂಕದ ಒಂದು ಕಿಲೋಗ್ರಾಮಿಗೆ 7 ಮಿಲಿಗ್ರಾಮು ಎಂಬ ಮೇರೆಯುಂಟು. ಮೇರೆ ಮೀರಿದರೆ ತುಟಿ ನಾಲಗೆಗಳು ಜುಮುಗುಟ್ಟುವುದು, ಕಿವಿ ಗುಂಯ್‌ಗುಡುವುದು, ತಲೆ ತಿರುಗುವುದು. ಲಕ್ಷ್ಯಕೊಡದಿದ್ದರೆ ಅಪಸ್ಮಾರದಂತೆ ಸೆಳೆತ ಬಂದು ಹೃದಯಕ್ಕೂ ಅಪಾಯ.

ನೋವನ್ನು ಅಡಗಿಸುವ ಯತ್ನ ನಮ್ಮವರಿಗೂ ಹೊಸದಲ್ಲ. ಖಾಲಿತ್ಯವನ್ನು ರೋಗಗಳಲ್ಲಿ ಎಣಿಸಿದ ಸುಶ್ರುತನೇ, ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಉಣಿಸಬೇಕೆಂದೂ, ಮದ್ಯಪಾನದ ಅಭ್ಯಾಸವಿದ್ದವನಿಗೆ ಮದ್ಯವನ್ನು ಕುಡಿಸಬೇಕೆಂದೂ ವಿಧಿಸಿದ್ದಾನೆ. ರೋಗಿಯು ನೋವನ್ನು ನುಂಗಿಕೊಂಡಿರಲೆಂದು ಆ ಆಚಾರ್ಯನು ಬಿಡಲಿಲ್ಲವೆಂಬುದು ಗಮನಿಸತಕ್ಕ ಮಾತು. ಲಿಗ್ನೊಕೇನನ್ನು ಸ್ವೀಡನ್ ದೇಶದ ನಿಲ್ಸ್ ಲೋಫ್‌ಗ್ರೆನ್ನನು 1943ರಲ್ಲಿ ಸಿದ್ಧಪಡಿಸಿದನು. ಕಸಿಯ ವಿಷಯದಲ್ಲಿ ಜಪಾನಿನ ಒಕುದಾ ಎಂಬ ವೈದ್ಯನು 1939ರಲ್ಲಿಯೇ ಲೇಖನ ಬರೆದಿದ್ದನು. ಬೋಳುತಲೆಗೆ ಇದು ಸಲ್ಲುವುದೆಂದು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್‌ನು 1959ರಲ್ಲಿ ಪ್ರಕಟಿಸಿದ ತರುವಾಯ ಅದು ಲೋಕದಲ್ಲಿ ಹಬ್ಬಿತು.

ನನ್ನ ಶಿಷ್ಯನ ಕಸಿಯು ಕಲಬುರಗಿಯಲ್ಲಿಯೇ ಬಿಡಿಬಿಡಿಯಾಗಿ ತೆಗೆಯುವ ಕ್ರಮದಿಂದ ಸುಸೂತ್ರವಾಗಿ ನೆರವೇರಿತು. ಆ ರಾತ್ರಿ ತಲೆಗೆ ಬಿಗಿದಂತಾಗಿ ಸ್ವಲ್ಪ ನೋವು. ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲಿನಿಂದ ಅದು ಶಮನವಾಯಿತು. ತಲೆಯನ್ನು ದಿಂಬಿನಿಂದ ಎತ್ತರಿಸಿ ಮಲಗಬೇಕಾಗಿತ್ತು. ಮೂರನೆಯ ದಿನ ಹಣೆ ಬಾತು, ಬಾವು ಕಣ್ಣಿನ ರೆಪ್ಪೆಗೆ ಇಳಿಯಿತು. ನೋಡಿದವರಿಗೆ ಭಯವಾದರೂ ಇದು ಸಾಮಾನ್ಯವಾದದ್ದು, ತಾನಾಗಿಯೇ ಇಳಿಯುವುದು. ಹೊಪ್ಪಳೆಗಳು ಏಳರಿಂದ ಹತ್ತು ದಿನಗಳಲ್ಲಿ ಉದುರುವುವು; ಅಲ್ಲಿಯ ತನಕ ತುರಿಕೆಯನ್ನು ತಾಳಿಕೊಳ್ಳುವುದೇ ದೊಡ್ಡ ತಪಸ್ಸು. ಹಿಂದಲೆಯ ಜೋಮು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವುದುಂಟು. ನೆಟ್ಟ ಕೂದಲು ಎರಡು ಮೂರು ವಾರಗಳಲ್ಲಿ ಉದುರಿಹೋದಾಗ ಎದೆಗುಂದಬಾರದು. ಕಿತ್ತುನೆಟ್ಟ ಸಸಿಯು ಮೊದಲು ಬಾಡಿ ಆಮೇಲೆ ಚಿಗುರುವಂತೆ, ಮೂರು ನಾಲ್ಕು ತಿಂಗಳಲ್ಲಿ ಹೊಸ ಕೂದಲು ತಲೆದೋರುವುದು. ಪೂರ್ಣಫಲಕ್ಕೆ ಒಂದು ವರ್ಷ ಬೇಕು. ನಾಲ್ವತ್ತು ಡಿಗ್ರಿ ಮೀರುವ ನಮ್ಮ ಸೀಮೆಯ ಬೇಸಗೆಯಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು.

ಆರನೆಯ ದಿನ ನಾನು ಕಮಲಾಪುರಕ್ಕೆ ಫೋನು ಮಾಡಿದೆನು. “ಏನೂ ಇಲ್ರಿ ಸರ್, ಸ್ವಲ್ಪ ನೋಯ್ತದ, ತಡ್ಕೋತೀನಿ” ಎಂದನು. ಆ ಮಾತು ನನ್ನ ಕಿವಿಯಲ್ಲಿ ಬೇರೆ ಬಗೆಯಾಗಿ ಕೇಳಿಸಿತು. ಇವನು ಏಳನೆಯ ತರಗತಿಯಲ್ಲಿದ್ದಾಗ ಆಟದ ಬಯಲಿನಲ್ಲಿ ಬಿದ್ದು ಕೈ ಹಿಡಿದುಕೊಂಡು ಬಂದಿದ್ದನು. “ಗಂಡುಮಗ ಅಳಬಾರದು, ತಡ್ಕೊ” ಎಂದು ನಾನೇ ಗದರಿಸಿ ಕೂರಿಸಿದ್ದೆನು. ಎರಡು ಪಾಠಗಳು ಮುಗಿಯುವ ತನಕ ಹುಡುಗನು ತುಟಿ ಕಚ್ಚಿಕೊಂಡು ಕುಳಿತಿದ್ದನು. ಸಂಜೆ ನೋಡಿದರೆ ಮುಂಗೈಯ ಮೂಳೆ ಮುರಿದಿತ್ತು. ಅಂದು ನಾನು ಕಲಿಸಿದ ಪಾಠವನ್ನು ಅವನು ಇಂದಿಗೂ ಮರೆತಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ನಾನೇ ಹೋದೆನು. ಮೂರು ದಿನ ಕಳೆದ ಮೇಲೆ ನೋವು ಇಳಿಯುತ್ತ ಹೋಗಬೇಕು. ಇವನಿಗೆ ಏರುತ್ತ ಹೋಗಿತ್ತು. ಹಿಂದಲೆಯ ಒಂದು ಕಡೆ ಕೆಂಪೇರಿ ಕೀವು ತುಂಬಿತ್ತು; ಮೈ ಬೆಚ್ಚಗಿತ್ತು. “ನಾ ಮೊದಲೇ ಹೇಳಿದ್ದೆ” ಎಂದು ತಂದೆಯು ಆಡಿಕೊಂಡಾನೆಂಬ ಅಂಜಿಕೆಯಿಂದ ತಾಯಿಗೂ ತಿಳಿಸಿರಲಿಲ್ಲ. ಕಲಬುರಗಿಗೆ ಕರೆತಂದೆನು, ವೈದ್ಯರು ಕೀವು ತೆಗೆದು ಔಷಧ ಕೊಟ್ಟರು. ವಾರದಲ್ಲಿ ಗುಣವಾಯಿತು. ಒಂದು ಸಣ್ಣ ಕಲೆ ಮಾತ್ರ ಉಳಿದಿದೆ.

ಎಲ್ಲರ ಅದೃಷ್ಟವೂ ಹೀಗಿರದು. ಕಾನ್ಪುರದಲ್ಲಿ 2025ರಲ್ಲಿ ಒಬ್ಬ ಇಂಜಿನಿಯರು ಕೂದಲು ಕಸಿಯ ಬಳಿಕ ಮುಖ ಬಾತು, ತೀವ್ರವಾದ ನೋವಿನಿಂದ ನರಳಿ ಮೃತನಾದನೆಂದು ಅವನ ಪತ್ನಿಯು ಪೊಲೀಸರಿಗೆ ದೂರಿತ್ತ ಸಂಗತಿಯು ವೃತ್ತಪತ್ರಿಕೆಗಳಲ್ಲಿ ಬಂದಿತ್ತು. ಶಸ್ತ್ರಚಿಕಿತ್ಸೆಯ ಕ್ರಮಬದ್ಧ ಶಿಕ್ಷಣ ಪಡೆದ ವೈದ್ಯರೇ ಇದನ್ನು ಮಾಡತಕ್ಕದ್ದೆಂದೂ, ಕಾರ್ಯಾಗಾರಗಳಲ್ಲಿಯೋ ಯೂಟ್ಯೂಬಿನಲ್ಲಿಯೋ ನೋಡಿ ಕಲಿತುದು ಸಾಲದೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿಯೇ ಸೂಚಿಸಿರುವುದು. ನಮ್ಮ ರಾಜ್ಯದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಅಧಿನಿಯಮದ ಮೇರೆಗೆ ನೋಂದಣಿಯಾಗಿರಬೇಕು. ಆ ಪತ್ರವನ್ನು ತೋರಿಸಿರೆಂದು ಕೇಳುವುದರಲ್ಲಿ ಸಂಕೋಚವೇಕೆ? ಕಲಬುರಗಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯಗಳಿಗೆ ಸೇರಿದ ಆಸ್ಪತ್ರೆಗಳಿರುವಾಗ, ಮೊದಲು ಅಲ್ಲಿಯ ಚರ್ಮವೈದ್ಯರಿಗೆ ತೋರಿಸಿ, ಕೂದಲು ಉದುರುವುದಕ್ಕೆ ಕಾರಣವೇನೆಂದು ತಿಳಿಯುವುದು ಜಾಣತನ. ಮದ್ದಿನಿಂದಲೇ ನಿಲ್ಲುವುದಾದರೆ ಶಸ್ತ್ರವೇಕೆ?

ಆದರೆ ಈ ಎಲ್ಲ ಎಚ್ಚರಿಕೆಗಳಿಗಿಂತ ಮಿಗಿಲಾದುದು ಮನೆಯಲ್ಲಿಯೇ ಇರುವುದು. ನೋವೆಂಬುದು ಶರೀರವು ಕಳುಹಿಸುವ ದೂತ. ದೂತನ ಬಾಯಿ ಕಟ್ಟಿದರೆ ವಾರ್ತೆ ತಪ್ಪುವುದೇ ಹೊರತು ಆಪತ್ತು ತಪ್ಪುವುದಿಲ್ಲ. ಮಗನು ನೋವೆಂದಾಗ ನಗದೆ ಕೇಳುವ ಮನೆಯಲ್ಲಿ ಅರ್ಧ ಚಿಕಿತ್ಸೆಯಾದಂತೆಯೇ ಸರಿ.

ಹತ್ತು ತಿಂಗಳ ಮೇಲೆ ತಂದೆ ಮಕ್ಕಳಿಬ್ಬರೂ ಕೆಂಬಾಳೆಯ ಗೊನೆಯೊಂದನ್ನು ಹೊತ್ತು ನಮ್ಮ ಮನೆಗೆ ಬಂದರು. ಮಗನ ತಲೆಯಲ್ಲಿ ಕೂದಲು ತಕ್ಕಮಟ್ಟಿಗೆ ಬಂದಿತ್ತು. ಅವನು ಒಳಗೆ ನೀರು ಕುಡಿಯಲು ಹೋದ ವೇಳೆಯನ್ನು ನೋಡಿ ತಂದೆಯು ನನ್ನ ಹತ್ತಿರಕ್ಕೆ ಸರಿದು ಮೆಲ್ಲಗೆ ಹೇಳಿದನು: “ಸರ್, ನನ್ನ ಮೊಣಕಾಲು ನಾಕ್ ವರ್ಷದಿಂದ ನೋಯ್ಲಾಕತ್ತದ್ರಿ. ಯಾರಿಗೂ ಹೇಳಿಲ್ರಿ. ಯಾವ ಡಾಕ್ಟರ್ ಕಡಿ ಹೋಗ್ಲಿ?”