ಚಪ್ಪಟೆ ಪಾದವೂ ಭಾರರೇಖೆಯೂ

ಒದ್ದೆಗಾಲನ್ನು ನೆಲದ ಮೇಲೆ ಊರಿ ನೋಡೋಣ. ಸಾಮಾನ್ಯವಾಗಿ ಹೆಜ್ಜೆಗುರುತಿನ ಒಳಮಗ್ಗುಲು ಬರಿದಾಗಿರುವುದು; ಅಲ್ಲಿ ಅಂಗಾಲು ಕಮಾನಿನಂತೆ ಮೇಲೆದ್ದಿದೆ. ಕಮಾನು ಕುಸಿದುದೇ ಚಪ್ಪಟೆ ಪಾದ. ಆಗ ದೇಹದ ಭಾರರೇಖೆಯು ಒಳಕ್ಕೆ ಸರಿದು ಹೆಬ್ಬೆರಳಿನ ಮೇಲೋ ಅದಕ್ಕಿಂತ ಒಳಗೋ ಬೀಳಬಹುದು.

ಅಮೆರಿಕದ ಮಾಜಿ ಸೈನಿಕನಿಗೆ ಈ ರೇಖೆ ಹಣದ ಪ್ರಶ್ನೆಯೂ ಹೌದು. ಸೈನ್ಯಸೇವೆಯಿಂದಾದ ಊನವನ್ನು ಅಲ್ಲಿ ಶೇಕಡಾವಾರು ಅಳೆದು ಪರಿಹಾರ ಕೊಡುವರು. ಪಾದರಕ್ಷೆಯೊಳಗಿನ ಆಸರೆಯಿಂದ ಬಾಧೆ ತಗ್ಗಿದರೆ ಶೇಕಡಾ 0, ಎಂದರೆ ಸಾಮಾನ್ಯವಾಗಿ ಮಾಸಾಶನವಿಲ್ಲ. ರೇಖೆ ಸರಿದು, ಹಿಮ್ಮಡಿಯ ಸ್ನಾಯುರಜ್ಜು ಒಳಬಾಗಿ, ನೋವೂ ಇದ್ದರೆ 10. ಎರಡೂ ಪಾದಗಳ ವಿಕಾರ ಅತಿಯಾಗಿ ಆಸರೆಗೂ ಬಗ್ಗದಿದ್ದರೆ 50.

ನಿರ್ಣಯವನ್ನೊಪ್ಪದವನು ಒಂದು ವರ್ಷದೊಳಗೆ ಮೇಲ್ಮನವಿ ಸಲ್ಲಿಸಬಹುದು. ಆಗ ವೈದ್ಯನ ವರದಿಯೇ ಮುಖ್ಯ ಸಾಕ್ಷಿ. ಮಲಗಿಸಿ ನೋಡಿದ ಪಾದದಲ್ಲಿ ರೇಖೆಯ ಸುಳಿವೆಲ್ಲಿಯದು? ಭಾರ ಬಿದ್ದಾಗಲಲ್ಲವೆ ಭಾರರೇಖೆ!