ಧರೆಯ ನೀರು, ಗೋಡೆಯ ಬುಡ

ಮಲೆನಾಡಿನಲ್ಲಿ ಮನೆ ಕಟ್ಟಬೇಕಾದರೆ ಮೊದಲು ಗುಡ್ಡ ಕಡಿಯಬೇಕು. ಕಡಿದಲ್ಲಿ ಧರೆ ಏಳುತ್ತದೆ, ಅದರ ಬುಡದಲ್ಲಿ ಮನೆ ಕೂರುತ್ತದೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯೂ ಹಾಗೆಯೇ; ಹಿಂಬದಿ ಗೋಡೆಗೂ ಧರೆಗೂ ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕು. ಪುನರ್ವಸು ಮಳೆ ಹಿಡಿಯಿತೆಂದರೆ ಅಡುಗೆಮನೆಯ ಗೋಡೆಬುಡದಲ್ಲಿ ನೀರು ಒಸರಲು ಶುರು.

ಒಳಗಿನಿಂದ ವಾಟರ್‌ಪ್ರೂಫ್ ಗಾರೆ ಹೊಡೆದರೆ ಮುಗೀತು ಎಂದರು ಮೇಸ್ತ್ರಿ. ಒಂದು ಮಳೆಗಾಲ ಸುಮ್ಮನೆ ನೋಡೋಣ ಎಂದೆ ನಾನು.

ನೋಡಲು ಬೇಕಾದಷ್ಟಿತ್ತು. ಹೊರಗೋಡೆಯಲ್ಲಿ ಪಾಚಿ ಎಲ್ಲೆಡೆ ಒಂದೇ ಎತ್ತರಕ್ಕೆ ಏರಿರಲಿಲ್ಲ. ಬಚ್ಚಲ ಕಡೆ ಗೇಣುದ್ದ, ಅಡುಗೆಮನೆ ಮೂಲೆಯಲ್ಲಿ ಮೊಣಕಾಲಿನವರೆಗೆ. ಧರೆಯ ಮೇಲರ್ಧ ಕೆಂಪು ಜಂಬಿಟ್ಟಿಗೆ, ಬೆರಳು ತೂರುವಷ್ಟು ತೂತುತೂತು. ಸೊಂಟದ ಮಟ್ಟದಿಂದ ಕೆಳಗೆ ಶೇಡಿ ಮಣ್ಣು: ಬಿಳಿ, ಅಲ್ಲಲ್ಲಿ ತಿಳಿಗೆಂಪು, ತೋಯ್ದಾಗ ಬೆರಳ ನಡುವೆ ಜಾರುವಷ್ಟು ನುಣುಪು. ಎರಡೂ ಸೇರುವಲ್ಲಿ ಅಡ್ಡಗೆರೆ ಎಳೆದಂತೆ ಜರಿಗಿಡಗಳು, ಕಾಡು ಗೌರಿಹೂವಿನ ಸಸಿಗಳು. ಬೇರೆಲ್ಲೂ ಇಲ್ಲದ ಗೌರಿಹೂ ಈ ಗೆರೆಯನ್ನೇ ಹಿಡಿದದ್ದೇಕೆ ಎಂಬುದಕ್ಕೆ ಉತ್ತರ ಅದರ ಬೇರಿನಲ್ಲಿತ್ತು. ಒಂದನ್ನು ಮೆಲ್ಲಗೆ ಸರಿಸಿದರೆ ಹಿಂದೆ ನೀರು ಜಿನುಗುತ್ತಿತ್ತು.

ಮಳೆ ನಿಂತು ಅರ್ಧ ಗಂಟೆಗೆ ಸೂರಿನ ಹನಿ ನಿಲ್ಲುತ್ತದೆ. ಈ ಗೆರೆಯ ಹನಿ ಮಾರನೇ ದಿನವೂ ನಿಲ್ಲುವುದಿಲ್ಲ. ಅಡುಗೆಮನೆ ಹೆಚ್ಚು ಒದ್ದೆಯಾಗುವುದೂ ಹೊಳವಾದ ಮೇಲೆಯೇ. ಅಂದರೆ ಇದು ಸೂರಿನ ನೀರಲ್ಲ, ಎರಚಲೂ ಅಲ್ಲ. ಖಚಿತವಾಗಲೆಂದು ಒಳನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆಲ್ಲ ಟೇಪು ಅಂಟಿಸಿದೆ. ಹಾಳೆಯ ಮೇಲೆ ಹನಿ ಕಂಡರೆ ಗಾಳಿಯ ತೇವ, ಅಡಿಯಲ್ಲಿ ಕಂಡರೆ ಮಣ್ಣಿನದು. ಕಂಡದ್ದು ಅಡಿಯಲ್ಲಿ.

ಲೆಕ್ಕ ಸರಳ. ಮಳೆ ಜಂಬಿಟ್ಟಿಗೆಯ ತೂತುಗಳಲ್ಲಿ ಸಲೀಸಾಗಿ ಇಳಿಯುತ್ತದೆ, ಶೇಡಿ ಸಿಕ್ಕಿದೊಡನೆ ನಿಲ್ಲುತ್ತದೆ. ಕೆಳಗಿಳಿಯಲಾರದ ನೀರು ಅಡ್ಡ ಹರಿಯುತ್ತದೆ. ಧರೆಯಲ್ಲಿ ಹೊರಬಂದದ್ದಷ್ಟು ಕಣ್ಣಿಗೆ ಬೀಳುತ್ತದೆ. ಉಳಿದದ್ದು ಬುಡದ ಸಡಿಲ ಮಣ್ಣಿನಲ್ಲಿ ತುಂಬಿ ಪಾಯದ ಕಲ್ಲುಗಳ ಸಂದಿನಲ್ಲಿ ಒಳಗೆ ಬರುತ್ತದೆ. ಒಳಗೋಡೆಗೆ ಗಾರೆ ಹೊಡೆದರೆ ನೀರು ಗೋಡೆಯೊಳಗೇ ಮೇಲೇರಿ ಇನ್ನೊಂದೆಡೆ ಉಪ್ಪು ಉಗುಳುತ್ತದೆ, ಅಷ್ಟೇ. ಅಡಿಕೆ ಬೇರು ಕೊಳೆಯದಂತೆ ತೋಟಕ್ಕೆ ಬಸಿಗಾಲುವೆ ತೆಗೆಯುವ ನಾವು ಮನೆಯ ವಿಷಯ ಬಂದಾಗ ಮಾತ್ರ ಸಿಮೆಂಟಿನ ಮೊರೆ ಹೋಗುವುದು ವಿಚಿತ್ರ. ಅಮೆರಿಕದ ಹೆನ್ರಿ ಫ್ಲಾಗ್ ಫ್ರೆಂಚ್ 1859ರಲ್ಲಿ ಹೊಲದ ಬಸಿಗಾಲುವೆಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಕಲ್ಲು ತುಂಬಿದ ಕಾಲುವೆಗೆ ಅಲ್ಲಿನವರು ಇಂದಿಗೂ ಅವನ ಹೆಸರು ಹಿಡಿದೇ ಹೇಳುತ್ತಾರೆ.

ನಮ್ಮ ಹಿಂಬದಿಗೂ ಅಂಥದ್ದೇ ಕಾಲುವೆ ಎಂದಾಯಿತು, ಅಗೆತ ಬೇಸಿಗೆಯಲ್ಲಿ. ಧರೆಯ ಬುಡ ಮುಟ್ಟಲಿಲ್ಲ, ಮುಟ್ಟಲೂಬಾರದು. ಶೇಡಿಯ ಕಾಲು ಕಡಿದರೆ ಮೇಲಿನದೆಲ್ಲ ಮಳೆಗಾಲದಲ್ಲಿ ಅಂಗಳಕ್ಕೆ ಬರುತ್ತದೆ. ಓಣಿಯ ನಡುವೆ, ಒಳನೆಲಕ್ಕಿಂತ ಒಂದೂವರೆ ಅಡಿ ತಗ್ಗಿಗೆ, ಆದರೆ ಪಾಯದ ತಳಕ್ಕಿಂತ ಮೇಲೆಯೇ ಕಾಲುವೆ ಹೊರಟಿತು. ಒಂದಿಷ್ಟು ತೋಡುವುದು, ತುಂಬುವುದು, ಮತ್ತೆ ಮುಂದಕ್ಕೆ.

ಅಡುಗೆಮನೆ ಮೂಲೆಯಲ್ಲಿ ಗುದ್ದಲಿ ಹಿಡಿದವರು ತಟ್ಟನೆ ಹಿಂದೆ ಸರಿದರು. "ಹಾವು ಮಾರಾಯ್ರೇ!" ಹಾವಲ್ಲ. ಗೇಣುದ್ದ, ಎರೆಹುಳುವಿನ ಹಾಗೆ ಮೈತುಂಬ ಉಂಗುರ, ಕಡುಕಂದು ಬಣ್ಣ, ಎರಡೂ ಪಕ್ಕದಲ್ಲಿ ಹಳದಿ ಪಟ್ಟಿ. ಇಕ್ತಿಯೋಫಿಸ್ ಕುಲದ ಸಿಸಿಲಿಯನ್, ಕಾಲಿಲ್ಲದ ಉಭಯಚರ, ಕಪ್ಪೆಗಳ ದೂರದ ನಂಟ. ಅದರ ಪ್ರತಿ ಕಣ್ಣಿನ ಮುಂದೆ ಒಂದೊಂದು ಕಿರಿಮೀಸೆ, ಕತ್ತಲಲ್ಲಿ ವಾಸನೆ ಹಿಡಿಯಲು. ತೇವ ಆರಿದರೆ ಬದುಕದ ಪ್ರಾಣಿ ಬಿರುಬೇಸಿಗೆಯಲ್ಲಿ ಇಲ್ಲಿದೆ ಎಂದರೆ ಈ ಮೂಲೆ ವರ್ಷವಿಡೀ ಆರಿಲ್ಲ. ಪಾಚಿ ಹೇಳಿದ್ದೂ ಅದನ್ನೇ. ಒದ್ದೆ ಎಲೆಗಳ ನಡುವಿಟ್ಟು ತೋಟದ ಕೆಳಗಿನ ಜೌಗಿಗೆ ಬಿಟ್ಟು ಬಂದೆ; ಮುಗಿಯುವ ತನಕ ಆ ಮೂಲೆಯಲ್ಲಿ ಗುದ್ದಲಿ ಬಿಟ್ಟು ಕೈಯಲ್ಲೇ ಮಣ್ಣು ಕೆದಕಿದೆವು.

ಕಾಲುವೆಗೆ ಮೊದಲು ನೀರು ಸೋಸುವ ಬಟ್ಟೆ, ಮೇಲೆ ತೊಳೆದ ಜಲ್ಲಿ, ಅದರ ಮೇಲೆ ತೂತು ಕೊರೆದ ನಾಲ್ಕಿಂಚಿನ ಪಿವಿಸಿ ಪೈಪು. ತೂತು ಕೆಳಮುಖ. ಇದು ಎಲ್ಲರಿಗೂ ತಲೆಕೆಳಗಾಗಿ ಕಾಣುತ್ತದೆ, ಆದರೆ ಕಾಲುವೆಯಲ್ಲಿ ನೀರು ತಳದಿಂದ ಮೇಲೇರುವುದು. ತೂತು ಕೆಳಗಿದ್ದರೆ ಪೈಪಿನ ಹೊಟ್ಟೆ ಮುಟ್ಟಿದೊಡನೆ ಹರಿದುಹೋಗುತ್ತದೆ. ನೂರು ಅಡಿಗೆ ಒಂದಡಿ ಇಳಿಜಾರನ್ನು ಮೇಸ್ತ್ರಿಯೇ ನೀರು ತುಂಬಿದ ಪಾರದರ್ಶಕ ಟ್ಯೂಬು ಹಿಡಿದು ನೋಡಿಕೊಟ್ಟರು. ಮತ್ತೆ ಜಲ್ಲಿ, ಬಟ್ಟೆಯ ಅಂಚು ಮಡಚಿ ಮುಚ್ಚಿ ಮೇಲೆ ಮಣ್ಣು. ಬಟ್ಟೆ ಇಲ್ಲದಿದ್ದರೆ ಶೇಡಿ ಕೆಲವೇ ಮಳೆಗಾಲದಲ್ಲಿ ಜಲ್ಲಿಯ ಸಂದನ್ನೆಲ್ಲ ಕಟ್ಟಿಬಿಡುತ್ತದೆ. ಸೂರಿನ ನೀರಿಗೆ ಬೇರೆಯೇ ಪೈಪು. ಎರಡೂ ತೋಟದ ಬಸಿಗಾಲುವೆಗೆ.

ಆರಿದ್ರಾ ಮಳೆ ಸುರಿದರೂ ಪೈಪಿನ ಬಾಯಿ ಒಣಗಿತ್ತು. ಗುಡ್ಡ ಇನ್ನೂ ಕುಡಿಯುತ್ತಿತ್ತು. ಪುನರ್ವಸುವಿನಲ್ಲಿ ಮೊದಲು ಮಜ್ಜಿಗೆಯಂಥ ನೀರು ಬಂತು, ಎರಡು ದಿನಕ್ಕೆ ತಿಳಿಯಾಯಿತು. ಪುಷ್ಯ ಮಳೆಯಲ್ಲಿ ಪೈಪು ಅರ್ಧ ತುಂಬಿ, ಮಳೆ ಬಿಟ್ಟರೂ ಬಿಡದೆ ಹರಿಯಿತು. ಅಡುಗೆಮನೆಯ ನೆಲ ಒಣಗಿತ್ತು, ಮೂಲೆಯೊಂದು ಬಿಟ್ಟು. ಅಲ್ಲಿ ಅಂಗೈಯಗಲ ಕಪ್ಪು ತೇವ ಈಗಲೂ ಇದೆ. ಧರೆಯ ಗೌರಿಹೂವಿಗೆ ಏನೂ ಆಗಿಲ್ಲ, ಅದರ ನೀರಿನ ಗೆರೆ ಕಾಲುವೆಗಿಂತ ಮೇಲಿದೆ. ಪೈಪಿನ ಬಾಯಿಗೆ ಕಟ್ಟಿದ ಜಾಲರಿಯನ್ನು ಏಡಿಗಳು ಎರಡು ಸಲ ಕಿತ್ತಿವೆ.

ಗೋಡೆ ಮಾತ್ರ ಉಪ್ಪು ಉಗುಳುತ್ತಲೇ ಇದೆ. ಒಳಗೆ ಕೂತ ನೀರು ಆರಿ ಹೊರಬರುವಾಗ ಉಪ್ಪನ್ನೂ ತರುತ್ತದೆ, ತಿಂಗಳುಗಟ್ಟಲೆ. ಒಣಬಟ್ಟೆಯಲ್ಲಿ ಒರೆಸುತ್ತಿದ್ದೇನೆ. ಸುಣ್ಣ ಬಳಿಯಲು ಮೇಸ್ತ್ರಿ ದೀಪಾವಳಿಗೇ ಬರುತ್ತೇನೆ ಎಂದರು. ಶಿವರಾತ್ರಿ ಕಳೀಲಿ ಎಂದಿದ್ದೇನೆ.